ಕ್ಯಾಟಲೋನಿಯಾಕ್ಕೆ ಹೋಗುವವರು ಭಾನುವಾರಗಳನ್ನು ಖಾಲಿ ಇಟ್ಟುಕೊಳ್ಳಿ

ಸ್ಪೇನ್‌ನ ಕ್ಯಾಟಲೋನಿಯಾ ಪ್ರಾಂತ್ಯದ ರಾಜಧಾನಿ ಬಾರ್ಸಿಲೋನಾಕ್ಕೆ ಹೋಗಬೇಕು ಅಂತ ಅನ್ನಿಸಿದರೆ ಮೊದಲು ಕ್ಯಾಲೆಂಡರ್ ತೆಗೆಯಿರಿ. ಹೋಟೆಲ್ ಆಮೇಲೆ ನೋಡಿದರಾಯಿತು. ನಮ್ಮವರು ಹೆಚ್ಚಾಗಿ ಮಕ್ಕಳ ರಜೆ ನೋಡಿ ಹೊರಡುತ್ತಾರೆ, ವಾಸ್ತುಶಿಲ್ಪಿ ಗೌಡಿ ಕಟ್ಟಿದ ನಾಲ್ಕು ಕಟ್ಟಡಗಳ ಮುಂದೆ ಫೋಟೋ ತೆಗೆಸಿಕೊಂಡು ಪ್ಯಾರಿಸ್‌ಗೋ ರೋಮ್‌ಗೋ ಹಾರುತ್ತಾರೆ. ಕಟ್ಟಡಗಳು ಬೇಡ ಅನ್ನುತ್ತಿಲ್ಲ, ಖಂಡಿತ ನೋಡಿ. ಆದರೆ ಕ್ಯಾಟಲನ್ ಜನ ಎಂಥವರು ಅಂತ ಗೊತ್ತಾಗುವುದು ಅವರು ಹತ್ತು ಜನ ಸೇರಿ ಏನಾದರೂ ಮಾಡುವಾಗ. ಹಾಡುವಾಗ, ಕುಣಿಯುವಾಗ, ಒಬ್ಬರ ಹೆಗಲ ಮೇಲೆ ಒಬ್ಬರು ನಿಲ್ಲುವಾಗ. ಇದರಲ್ಲಿ ಮುಕ್ಕಾಲು ಪಾಲು ಬೀದಿಯಲ್ಲೇ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ. ಸರಿಯಾದ ದಿನಕ್ಕೆ ಅಲ್ಲಿರಬೇಕು, ಅಷ್ಟೇ.

ಎರಡು ದಿನ ನೆನಪಿಟ್ಟುಕೊಳ್ಳಿ. ಏಪ್ರಿಲ್ 23 ಸಂತ್ ಜೋರ್ದಿ ಹಬ್ಬ. ಅವತ್ತು ಊರಿನ ಬೀದಿಗಳ ತುಂಬ ಪುಸ್ತಕದ ಮೇಜು, ಗುಲಾಬಿ ಹೂವಿನ ಬಕೆಟ್. ಪ್ರೀತಿಸುವವರಿಗೆ ಒಂದು ಪುಸ್ತಕ, ಒಂದು ಹೂ ಕೊಡುವುದು ಪದ್ಧತಿ. ಯುನೆಸ್ಕೋ 1995ರಲ್ಲಿ ಇದೇ ದಿನವನ್ನು ವಿಶ್ವ ಪುಸ್ತಕ ದಿನ ಅಂತ ಘೋಷಿಸಿತು. ಇನ್ನೊಂದು ಸೆಪ್ಟೆಂಬರ್ 24, ಲಾ ಮೆರ್ಸೆ, ಬಾರ್ಸಿಲೋನಾದ ಊರ ಹಬ್ಬ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಆರಿಸಿ. ಬಿಸಿಲು ಇಳಿದಿರುತ್ತದೆ, ಜೊತೆಗೆ ಕಾಸ್ತೆಲ್ ನೋಡಲು ಸಿಗುತ್ತದೆ.

ಕಾಸ್ತೆಲ್ ಅಂದರೆ ಮನುಷ್ಯರು ಕಟ್ಟುವ ಗೋಪುರ. ಇದು ತಾರಗೋನಾ ಹತ್ತಿರದ ವಾಲ್ಸ್ ಊರಿನ ಕಡೆಯಿಂದ ಬಂದದ್ದು, 2010ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೂ ಸೇರಿತು. ಮುಂಬೈನ ಮೊಸರು ಗಡಿಗೆ ನೆನಪಾಗುತ್ತದೆ ನಿಜ, ಆದರೆ ಇಲ್ಲಿ ಒಡೆಯುವುದಕ್ಕೆ ಗಡಿಗೆ ಇಲ್ಲ, ಕಟ್ಟುವುದೇ ಕೆಲಸ. ಲಾ ಮೆರ್ಸೆ ಹೊತ್ತಿಗೆ ಬಾರ್ಸಿಲೋನಾದ ಸಂತ್ ಜಾವುಮೆ ಚೌಕದಲ್ಲಿ ಒಂದು ಗಂಟೆ ಮೊದಲೇ ಹೋಗಿ ನಿಂತರೆ ಆಟ ಶುರುವಾಗುವ ಮುಂಚಿನ ತಯಾರಿ ಕಾಣುತ್ತದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಪ್ರತಿಯೊಬ್ಬರೂ ಸೊಂಟಕ್ಕೆ ಉದ್ದದ ಕಪ್ಪು ಪಟ್ಟಿ ಸುತ್ತಿಕೊಳ್ಳುತ್ತಾರೆ. ಒಬ್ಬರು ಒಂದು ತುದಿ ಬಿಗಿಯಾಗಿ ಎಳೆದು ಹಿಡಿಯುತ್ತಾರೆ, ಇನ್ನೊಬ್ಬರು ಗಿರಗಿರ ತಿರುಗುತ್ತಾ ಅದರೊಳಗೆ ಸುತ್ತಿಕೊಳ್ಳುತ್ತಾರೆ. ಬೆನ್ನಿಗೆ ಅದೇ ಆಸರೆ, ಬರಿಗಾಲಲ್ಲಿ ಮೇಲೆ ಹತ್ತುವವರಿಗೆ ಅದೇ ಮೆಟ್ಟಿಲು. ಬುಡದಲ್ಲಿ ನೂರಾರು ಜನ ಒತ್ತಾಗಿ ನಿಲ್ಲುವುದಕ್ಕೆ ಪಿನ್ಯಾ ಅನ್ನುತ್ತಾರೆ. ಅದರ ಒಳಗೆ ಇರುವವರಿಗೆ ಮೇಲೆ ಏನಾಗುತ್ತಿದೆ ಅಂತ ಕಾಣುವುದೇ ಇಲ್ಲ. ಅವರು ತಲೆ ಬಗ್ಗಿಸಿ ಗ್ರಾಲ್ಯಾ ಕೇಳುತ್ತಿರುತ್ತಾರೆ. ಅದು ನಮ್ಮ ಶಹನಾಯಿ ಥರದ ಊದುವ ವಾದ್ಯ. ಗೋಪುರ ಎಷ್ಟು ಎತ್ತರ ಹೋಯಿತು, ತುದಿ ಮುಟ್ಟಿತಾ, ಇಳಿಯುತ್ತಿದ್ದಾರಾ ಅನ್ನುವುದನ್ನೆಲ್ಲ ಆ ರಾಗವೇ ಹೇಳುತ್ತದೆ. ಕೊನೆಗೆ ಹೆಲ್ಮೆಟ್ ಹಾಕಿಕೊಂಡ ಪುಟ್ಟ ಮಗುವೊಂದು ಸರಸರ ಹತ್ತಿ, ತುದಿಯಲ್ಲಿ ಒಂದು ಕೈ ಎತ್ತಿ, ಆ ಕಡೆಯಿಂದ ಇಳಿಯುತ್ತದೆ. ಆಗ ಚಪ್ಪಾಳೆ ಹೊಡೆದು ಹೊರಟುಬಿಡಬೇಡಿ. ಎಲ್ಲರೂ ಬೀಳದೆ ಕೆಳಗೆ ಇಳಿದರೆ ಮಾತ್ರ ಕಾಸ್ತೆಲ್ ಪೂರ್ತಿಯಾದ ಹಾಗೆ, ಕಾಲು ನಡುಗುವುದೆಲ್ಲ ಇಳಿಯುವಾಗಲೇ.

ಪಿನ್ಯಾಕ್ಕೆ ಜನ ಕಮ್ಮಿ ಬಿದ್ದರೆ ಪಕ್ಕದಲ್ಲಿ ನಿಂತವರನ್ನೂ ಕರೆಯುತ್ತಾರೆ. ಕರೆದರೆ ಹೋಗಿ. ಕನ್ನಡಕ, ಫೋನು ಜೊತೆಯವರ ಕೈಗೆ ಕೊಟ್ಟು, ಮುಂದಿನವರ ಬೆನ್ನಿಗೆ ಎದೆ ಒತ್ತಿ, ತೋರಿಸಿದ ಹಾಗೆ ಕೈ ಚಾಚಿ, ಗದ್ದ ಎದೆಗೆ ತಗಲುವಂತೆ ತಲೆ ಬಗ್ಗಿಸಿ ನಿಲ್ಲಿ, ಏನೇ ಆದರೂ ಮೇಲೆ ಮಾತ್ರ ನೋಡಬೇಡಿ. ಗುರುತಿಲ್ಲದ ಜನರ ಉಸಿರಿನ ನಡುವೆ ಹಾಗೆ ನಿಂತ ಒಂದೆರಡು ನಿಮಿಷ ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಹೊತ್ತು. ದೊಡ್ಡ ಸ್ಪರ್ಧೆ ನೋಡಬೇಕು ಅನ್ನುವವರಿಗೆ ತಾರಗೋನಾದಲ್ಲಿ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳ ಅಕ್ಟೋಬರ್‌ನಲ್ಲಿ ನಡೆಯುತ್ತದೆ.

ಭಾನುವಾರ ಬೆಳಿಗ್ಗೆ ಬಾರ್ಸಿಲೋನಾದ ಹಳೆ ಕ್ಯಾಥೆಡ್ರಲ್ ಮುಂದೆ ಹೋಗಿ. ಆಗಸ್ಟ್ ಬಿಟ್ಟರೆ ಹೆಚ್ಚಾಗಿ ಸರ್ದಾನಾ ಕುಣಿತ ಇರುತ್ತದೆ. 11 ಜನರ ಕೋಬ್ಲಾ ವಾದ್ಯಮೇಳ, ಕೈಕೈ ಹಿಡಿದು ದುಂಡಗೆ ನಿಂತ ಜನ, ಅವರ ಬ್ಯಾಗು ಕೋಟುಗಳೆಲ್ಲ ವೃತ್ತದ ನಡುವೆ ರಾಶಿ. ಅಜ್ಜಿಯಂದಿರ ಹೆಜ್ಜೆ ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನೀವೂ ಸೇರಬಹುದು, ಆದರೆ ಒಬ್ಬ ಗಂಡಸಿನ ಮತ್ತು ಅವರ ಬಲಗಡೆಯ ಹೆಂಗಸಿನ ನಡುವೆ ನುಗ್ಗಬಾರದು, ಅವರಿಬ್ಬರೂ ಜೋಡಿ. ಹೆಜ್ಜೆಗಳನ್ನು ಎಣಿಸಿ ಹಾಕುವ ಕುಣಿತ ಇದು, ಹಾಗಾಗಿ ಕಲಿಯುವವರು ಇರುವ ವೃತ್ತ ಹುಡುಕಿ ಸೇರಿಕೊಳ್ಳಿ.

ಇನ್ನು ಗೌಡಿ. ಅವರ ಸಗ್ರಾದಾ ಫಮೀಲಿಯಾ ಚರ್ಚಿನ ಟಿಕೆಟ್ ಆನ್‌ಲೈನ್‌ನಲ್ಲೇ, ಒಳಗೆ ಹೋಗುವ ಹೊತ್ತು ಗೊತ್ತು ಮಾಡಿಕೊಂಡು ಮೊದಲೇ ತೆಗೆದುಕೊಳ್ಳಬೇಕು. 1882ರಲ್ಲಿ ಶುರುವಾದ ಕೆಲಸ, ಮರುವರ್ಷ ಗೌಡಿ ಕೈಗೆ ಬಂತು, ಕಾಣಿಕೆ ಮತ್ತು ಟಿಕೆಟ್ ದುಡ್ಡಿನಲ್ಲೇ ಕಟ್ಟಿಕೊಂಡು ಬಂದಿದ್ದಾರೆ. ಸಂಜೆಗೆ ಹತ್ತಿರದ ಹೊತ್ತು ಆರಿಸಿ. ಪಶ್ಚಿಮದ ಗಾಜುಗಳು ಕೆಂಪು, ಕಿತ್ತಳೆ ಬಣ್ಣದವು, ಇಳಿಬಿಸಿಲು ಬಿದ್ದಾಗ ಒಳಗಿನ ಕಲ್ಲುಕಂಬಗಳೆಲ್ಲ ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಗೌಡಿಗೆ 1926ರ ಜೂನ್ 7ರಂದು ಟ್ರಾಮ್ ಬಡಿಯಿತು. ಹಳೆ ಬಟ್ಟೆಯಲ್ಲಿದ್ದ ಮುದುಕನನ್ನು ಯಾರೂ ಗುರುತಿಸಲಿಲ್ಲ, ಬಡವರ ಆಸ್ಪತ್ರೆಗೆ ಸೇರಿಸಿದರು, ಮೂರು ದಿನಕ್ಕೆ ತೀರಿಕೊಂಡರು. ಆ ಸಾಂತಾ ಕ್ರೇವು ಆಸ್ಪತ್ರೆ ಈಗ ಕ್ಯಾಟಲೋನಿಯಾದ ಗ್ರಂಥಾಲಯ, ರವಾಲ್ ಬಡಾವಣೆಯಲ್ಲಿದೆ. ಕಿತ್ತಳೆ ಮರಗಳಿರುವ ಅಂಗಳಕ್ಕೆ ಟಿಕೆಟ್ ಇಲ್ಲ. ಅಲ್ಲೇ ಸುತ್ತಮುತ್ತ ಪಾಕಿಸ್ತಾನಿ, ಬಾಂಗ್ಲಾದೇಶಿ ಅಂಗಡಿಗಳಿವೆ, ಅಕ್ಕಿ ಬೇಳೆ ಹಸಿಮೆಣಸು ಎಲ್ಲ ಸಿಗುತ್ತದೆ. ಅಡುಗೆಮನೆ ಇರುವ ರೂಮು ಹಿಡಿದವರಿಗೆ ಇದು ದೊಡ್ಡ ಅನುಕೂಲ.

ಗೌಡಿಯ ಕಾಲದವರೇ ಆದ ದೊಮೆನೆಕ್ ಇ ಮುಂತಾನೆರ್ ಕಟ್ಟಿದ ಪಾಲಾವ್ ದೆ ಲಾ ಮೂಸಿಕಾ ಸಭಾಂಗಣವನ್ನು ಬಿಡಬೇಡಿ. 1908ರಲ್ಲಿ ಒಂದು ಗಾಯಕ ವೃಂದಕ್ಕಾಗಿ ಎದ್ದ ಕಟ್ಟಡ ಅದು. ಸುಮ್ನೆ ಕಟ್ಟಡ ತೋರಿಸುವ ಟೂರ್‌ಗೆ ದುಡ್ಡು ಕೊಡುವ ಬದಲು ಒಂದು ಸಂಗೀತ ಕಛೇರಿಗೆ ಕಮ್ಮಿ ದರದ ಸೀಟು ನೋಡಿ.

ಸಂಗೀತ ಇಷ್ಟವಾದರೆ ಒಂದು ದಿನ ಸಂತ್ ಸಾಲ್ವದೋರ್‌ಗೆ ಇಡಿ. ಚೆಲ್ಲೋ ವಾದಕ ಪಾವ್ ಕಸಾಲ್ಸ್ 1876ರಲ್ಲಿ ಹುಟ್ಟಿದ ಎಲ್ ವೆಂದ್ರೆಲ್ ಊರಿನ ಕಡಲತೀರ ಅದು, ಅವರ ಮನೆ ಈಗ ಮ್ಯೂಸಿಯಂ. ಸಂತ್ ವಿಸೆನ್ಸ್ ದೆ ಕಾಲ್ದೆರ್ಸ್ ಸ್ಟೇಷನ್‌ನಲ್ಲಿ ಇಳಿದು ನಡೆದೇ ಹೋಗಬಹುದು. 13ನೇ ವಯಸ್ಸಿನಲ್ಲಿ ಬಾರ್ಸಿಲೋನಾದ ಹಳೆ ಅಂಗಡಿಯೊಂದರಲ್ಲಿ ಜರ್ಮನ್ ಸಂಗೀತಗಾರ ಬಾಖ್‌ನ ಚೆಲ್ಲೋ ರಚನೆಗಳು ಕಸಾಲ್ಸ್ ಕೈಗೆ ಸಿಕ್ಕವು, ವರ್ಷಗಟ್ಟಲೆ ಅಭ್ಯಾಸ ಮಾಡಿ ಆಮೇಲೆ ಜನರ ಮುಂದೆ ನುಡಿಸಿದರು. ಸ್ಪೇನ್‌ನ ಅಂತರ್ಯುದ್ಧದಲ್ಲಿ ಸರ್ವಾಧಿಕಾರಿ ಫ್ರಾಂಕೋ ಗೆದ್ದಾಗ ದೇಶ ಬಿಟ್ಟರು. 1971ರಲ್ಲಿ, 94ನೇ ವಯಸ್ಸಿನಲ್ಲಿ, ವಿಶ್ವಸಂಸ್ಥೆಯಲ್ಲಿ ನಿಂತು ತಾನು ಕ್ಯಾಟಲನ್ ಅಂತ ಹೇಳಿ ಹಕ್ಕಿಗಳ ಹಾಡು ಅನ್ನುವ ಜನಪದ ಗೀತೆ ನುಡಿಸಿದರು. 1973ರಲ್ಲಿ ಪೋರ್ಟೊ ರಿಕೋದಲ್ಲಿ ತೀರಿಕೊಂಡರು. ಅವರ ದೇಹ ಊರಿಗೆ ಬಂದದ್ದು ಫ್ರಾಂಕೋ ಸತ್ತ ನಾಲ್ಕು ವರ್ಷದ ಮೇಲೆ, 1979ರಲ್ಲಿ. ಹೋಗುವ ಮೊದಲು ಆ ಹಾಡನ್ನು ಯೂಟ್ಯೂಬ್‌ನಲ್ಲಿ ಕೇಳಿಕೊಂಡು ಹೋಗಿ, ಆ ಮನೆ ಬೇರೆಯೇ ಆಗಿ ಕಾಣುತ್ತದೆ.

ಊಟದ ವಿಷಯ. ಮಧ್ಯಾಹ್ನದ ಊಟ ಒಂದೂವರೆ ಮೇಲೆ, ರಾತ್ರಿಯದು ಎಂಟೂವರೆ ಮೇಲೆ, ಅದಕ್ಕೆ ಮೊದಲು ಕೇಳಿದರೆ ಅಡುಗೆ ಸಿಗುವುದು ಕಷ್ಟ. ಸಸ್ಯಾಹಾರಿಗಳೇ, ‘ವೆಜಿಟಲ್’ ಅಂತ ಬರೆದ ಸ್ಯಾಂಡ್‌ವಿಚ್ ನಂಬಬೇಡಿ, ಎಷ್ಟೋ ಕಡೆ ಅದರಲ್ಲಿ ಟ್ಯೂನಾ ಮೀನು ಇರುತ್ತದೆ. ‘ಸೆನ್ಸೆ ಕಾರ್ನ್, ಸೆನ್ಸೆ ಪೇಶ್’ ಅಂದರೆ ಮಾಂಸ ಬೇಡ, ಮೀನು ಬೇಡ ಅಂತ ಅರ್ಥವಾಗುತ್ತದೆ. ಟೊಮೆಟೊ ಉಜ್ಜಿದ ಬ್ರೆಡ್ಡು, ಸುಟ್ಟ ಬದನೆ ಮೆಣಸಿನಕಾಯಿಯ ಎಸ್ಕಲಿವಾದಾ ಎರಡೂ ನಮ್ಮ ನಾಲಿಗೆಗೆ ಹಿಡಿಸುತ್ತವೆ. ಅಂಗಡಿಗೆ ಕಾಲಿಡುವಾಗ ‘ಬೋನ್ ದಿಯಾ’ ಅನ್ನಿ, ಕ್ಯಾಟಲನ್ ಭಾಷೆಯಲ್ಲಿ ಶುಭದಿನ ಅಂತ. ಫ್ರಾಂಕೋ ಕಾಲದಲ್ಲಿ ಶಾಲೆ, ಕಚೇರಿಗಳಿಂದ ಹೊರಗಿಟ್ಟಿದ್ದ ಭಾಷೆ ಅವರದು, ಅದರಲ್ಲಿ ಒಂದು ಮಾತಾಡಿದರೂ ಮುಖ ಅರಳುತ್ತದೆ.

ಮಾತಿಗೆ ಸಿಕ್ಕವರಿಗೆ ಅನಂತಪುರದ ಪಕ್ಕದ ರಾಜ್ಯದವರು ಅಂತ ಹೇಳಿ ನೋಡಿ. 1920ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ವಿನ್ಸೆಂಟ್ ಫೆರರ್ 1969ರಿಂದ 2009ರಲ್ಲಿ ಕಣ್ಣು ಮುಚ್ಚುವ ತನಕ ಬಡವರಿಗಾಗಿ ದುಡಿದದ್ದು ಅಲ್ಲೇ, ನಮ್ಮ ಪಾವಗಡ, ಬಳ್ಳಾರಿ ಗಡಿಯಾಚೆ. ಅಲ್ಲಿನ ಮಕ್ಕಳಿಗೆ ತಿಂಗಳು ತಿಂಗಳು ಹಣ ಕಳಿಸುವ ಕುಟುಂಬಗಳು ಸ್ಪೇನ್‌ನಲ್ಲಿ ಸಾವಿರಾರು ಇವೆ. ಬೆಂಗಳೂರು ಗೊತ್ತಿಲ್ಲದವರಿಗೂ ಅನಂತಪುರ ಗೊತ್ತಿರಬಹುದು.

ಓಡಾಟಕ್ಕೆ ಹತ್ತು ಸವಾರಿಯ ಟಿ-ಕಾಸುವಲ್ ಕಾರ್ಡ್ ಸಾಕು, ತಲೆಗೊಂದು ಬೇಕು. ಏರ್‌ಪೋರ್ಟ್ ಮೆಟ್ರೋಗೆ ನಡೆಯುವುದಿಲ್ಲ, ಏರ್‌ಪೋರ್ಟ್ ರೈಲಿಗೆ ನಡೆಯುತ್ತದೆ. ಮೊಂತ್ಸೆರಾತ್ ಬೆಟ್ಟದ ಮಠಕ್ಕೆ ಹೋಗುವವರು ಟಿಕೆಟ್ ಕೊಳ್ಳುವಾಗಲೇ ಕೇಬಲ್ ಕಾರೋ, ಹಲ್ಲುಹಳಿಯ ರೈಲೋ ಅಂತ ತೀರ್ಮಾನಿಸಿ, ಇಳಿಯುವ ಸ್ಟೇಷನ್ ಬೇರೆ ಬೇರೆ. ಆ ಮಠದ ಹುಡುಗರ ಗಾಯಕ ವೃಂದ ರಜೆಯಲ್ಲಿ ಹಾಡುವುದಿಲ್ಲ, ದಿನ ನೋಡಿಕೊಂಡೇ ಹೋಗಿ. ಬಾರ್ಸಿಲೋನಾದ ದೊಡ್ಡ ಬೀದಿ ಲಾ ರಾಂಬ್ಲಾದಲ್ಲಿ ಜೇಬು ಭದ್ರ, ಹಾಗೇ ಕಾಲ ಕೆಳಗೂ ನೋಡಿ, ನೆಲದಲ್ಲಿ ಕಲಾವಿದ ಜೋವಾನ್ ಮಿರೋ ಮಾಡಿದ ಮೊಸಾಯಿಕ್ ಇದೆ, ಜನ ಗೊತ್ತಿಲ್ಲದೆ ಅದರ ಮೇಲೆ ನಡೆದು ಹೋಗುತ್ತಾರೆ.

ಶನಿವಾರ ಮಧ್ಯಾಹ್ನ ಮೂರರ ಮೇಲೆ ಮೊಂಜುಯಿಕ್ ಗುಡ್ಡದ ರಾಷ್ಟ್ರೀಯ ಕಲಾ ಮ್ಯೂಸಿಯಂಗೆ ಪ್ರವೇಶ ಉಚಿತ. ನೇರ ರೋಮನೆಸ್ಕ್, ಅಂದರೆ ಮಧ್ಯಯುಗದ ಚರ್ಚು ಕಲೆಯ ವಿಭಾಗಕ್ಕೆ ಹೋಗಿ. ಪಿರೆನೀಸ್ ಬೆಟ್ಟದ ಹಳ್ಳಿ ಚರ್ಚುಗಳ 900 ವರ್ಷದಷ್ಟು ಹಳೆಯ ಗೋಡೆಚಿತ್ರಗಳು ಅಲ್ಲಿವೆ. ವಿದೇಶಿ ಕೊಳ್ಳುವವರು ಬಂದು ಒಂದು ಚರ್ಚಿನ ಚಿತ್ರವನ್ನು ಬಾಸ್ಟನ್‌ಗೆ ಸಾಗಿಸಿಯೇಬಿಟ್ಟರು. ಆಗ ಕ್ಯಾಟಲನ್ನರು ಎಚ್ಚೆತ್ತು, ಗೋಡೆಗೆ ಅಂಟು ಬಳಿದ ಬಟ್ಟೆ ಹಚ್ಚಿ, ಒಣಗಿದ ಮೇಲೆ ಬಣ್ಣದ ಪದರವನ್ನೇ ಬಿಡಿಸಿ ತಂದು ಉಳಿಸಿಕೊಂಡರು. ಮ್ಯೂಸಿಯಂನವರು ಚರ್ಚಿನ ಗೂಡಿನ ಆಕಾರವನ್ನೇ ಕಟ್ಟಿ ಅದರಲ್ಲಿ ಕೂರಿಸಿದ್ದಾರೆ. ಹಿಂದಕ್ಕೆ ಹೋಗಿ ನೋಡಿ, ಹಿಂಬದಿಯ ಮರದ ಚೌಕಟ್ಟೂ ಕಾಣುತ್ತದೆ. ಎರಡು ಗಂಟೆಯಾದರೂ ಬೇಕು, ತಡವಾಗಿ ಹೋದರೆ ಸಾಲದು.