ಕಕ್ಕಡದಲ್ಲಿ ಪಾಲಿಶ್

ಆಗಸ್ಟ್ 3. ಕಕ್ಕಡ, ಅಂದರೆ ಕೊಡಗಿನ ಜಡಿಮಳೆಯ ತಿಂಗಳು. ಬೆಳಿಗ್ಗೆಯಿಂದ ಮಳೆ ಹೊಳವಾಗಿತ್ತು. ಆ ಒಂದು ಹೊಳವನ್ನು ನಂಬಿ ನಾನು ಕೆಟ್ಟೆ.

ಹಿಂದಿನ ಶೆಡ್ಡಿನಲ್ಲಿ ಗಿಟಾರಿನ ಬಾಡಿ ತೂಗಾಡುತ್ತಿತ್ತು. ನೆಕ್, ಅಂದರೆ ಗಿಟಾರಿನ ಉದ್ದ ಕುತ್ತಿಗೆ, ಕೂರುವ ಗುಳಿಗೆ ಒಂದು ರೀಪರ್ ತುಂಡನ್ನು ಸ್ಕ್ರೂ ಮಾಡಿ, ಅದಕ್ಕೆ ತಂತಿ ಕಟ್ಟಿ ಜಂತಿಗೆ ನೇತುಹಾಕಿದ್ದೆ. ಮೂರನೇ ಕೋಟ್ ಲ್ಯಾಕರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪಾಲಿಶ್, ಹೊಡೆದೆ. ಒದ್ದೆ ಇರುವಾಗ ಅದೆಷ್ಟು ಚೆಂದ ಕಂಡಿತು ಅಂದರೆ, ಸ್ಪ್ರೇ ಗನ್ ಕೆಳಗಿಟ್ಟು ಅಮ್ಮನನ್ನು ಕೂಗಿದೆ. ಅಮ್ಮ ಸೌಟು ಹಿಡಿದುಕೊಂಡೇ ಬಂದರು. ಅಷ್ಟರಲ್ಲಿ ಬಾಡಿಯ ಒಂದು ಮೂಲೆಯಲ್ಲಿ ಮಂಜು ಕವಿದಂತೆ ಆಯಿತು. ನೋಡನೋಡುತ್ತ ಅದು ಹರಡಿತು. ಐದು ನಿಮಿಷದಲ್ಲಿ ಇಡೀ ಗಿಟಾರಿನ ಮೇಲೆ ತೆಳು ಮಜ್ಜಿಗೆ ಚೆಲ್ಲಿದ ಹಾಗಿತ್ತು.

"ಇದಕ್ಕೆ ಬಿಳಿ ಬಣ್ಣ ಹೊಡಿತೀಯ ಅಂತ ಹೇಳಿರಲಿಲ್ಲವಲ್ಲ," ಅಂದರು ಅಮ್ಮ. ವ್ಯಂಗ್ಯವಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು.

ನಮ್ಮ ಮನೆ ಗೋಣಿಕೊಪ್ಪದ ಹತ್ತಿರ. ನಾಲ್ಕು ವರ್ಷದ ಹಿಂದಿನ ಗಾಳಿಗೆ ತೋಟದ ಅಂಚಿನ ಒಂದು ಹಲಸಿನ ಮರ ಬಿತ್ತು. ಕೊಯ್ಸಿದ ಹಲಗೆಗಳಲ್ಲಿ ಒಂದನ್ನು ಅಟ್ಟದ ಮೇಲೆ ಇಟ್ಟಿದ್ದೆ. ವೀಣೆಗೆ, ಮೃದಂಗಕ್ಕೆ ಹಲಸು ಆಗುತ್ತೆ ಅಂದಮೇಲೆ ಎಲೆಕ್ಟ್ರಿಕ್ ಗಿಟಾರಿಗೆ ಯಾಕಾಗಬಾರದು? ಜನವರಿಯಲ್ಲಿ ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರಿನ ಆಕಾರಕ್ಕೆ ಕತ್ತರಿಸಿದೆ. 45 ಮಿಲಿಮೀಟರ್ ದಪ್ಪ. ನೆಕ್ ಮಾಡುವ ಧೈರ್ಯ ಬರಲಿಲ್ಲ, ಬೆಂಗಳೂರಿನಿಂದ ರೆಡಿಮೇಡ್ ತರಿಸಿದೆ. ಆಮೇಲೆ ಕಾಫಿ ಕೊಯ್ಲು, ಮೆಣಸು, ಅದು ಇದು ಅಂತ ಕೆಲಸ ನಿಂತು, ಪಾಲಿಶ್ ಹಂತಕ್ಕೆ ಬರುವಾಗ ಸರಿಯಾಗಿ ಮಳೆಗಾಲ. ತುಲಾ ಸಂಕ್ರಮಣ ಕಳೆಯಲಿ ಅಂತ ಎಲ್ಲರೂ ಹೇಳಿದರು. ಅಕ್ಟೋಬರ್‌ವರೆಗೆ ಯಾರು ಕಾಯುತ್ತಾರೆ?

ಉಜ್ಜುವ ಕೆಲಸಕ್ಕೆ ಮಳೆ ಅಡ್ಡಿಯಲ್ಲ. 120ರ ಪಾಲಿಶ್ ಪೇಪರಿನಿಂದ ಶುರು ಮಾಡಿ 180, 240, ಕೊನೆಗೆ 320. ನಂಬರ್ ಹೆಚ್ಚಿದಷ್ಟೂ ಪೇಪರು ನಯ. ನಡುವೆ ಒಂದು ಸಲ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಮರದ ನಾರು ಎದ್ದು ನಿಲ್ಲುತ್ತದೆ, ಕೈಗೆ ಎರಡು ದಿನದ ಗಡ್ಡದ ಹಾಗೆ ಸಿಗುತ್ತದೆ. ಒಣಗಿದ ಮೇಲೆ ಅದನ್ನು ಮತ್ತೆ ಉಜ್ಜಿ ತೆಗೆದರೆ ಮುಂದೆ ಏಳುವುದು ಕಡಿಮೆ. ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಹಲಗೆಯ ಮೇಲೆ ಅಡ್ಡಕ್ಕೆ ಇಟ್ಟು ನೋಡುತ್ತಿದ್ದೆ. ಹಗಲಲ್ಲಿ ಕನ್ನಡಿಯ ಹಾಗೆ ಕಂಡಿದ್ದರ ಮೇಲೆ ರಾತ್ರಿ ಗೀರುಗಳ ಸಂತೆ.

ಹಲಸಿನ ಇನ್ನೊಂದು ತೊಂದರೆ ರಂಧ್ರಗಳು. ಸೂಜಿಯಲ್ಲಿ ಗೀರಿದಂಥ ಸಣ್ಣ ಸಣ್ಣ ಗೆರೆ ಮೈತುಂಬಾ. ಅವನ್ನು ತುಂಬದೆ ಲ್ಯಾಕರ್ ಹೊಡೆದರೆ ಅಲ್ಲಲ್ಲಿ ಕುಸಿಯುತ್ತದೆ. ಅದಕ್ಕೆ ಅರಗು ತಂದೆ. ಅಂಗಡಿಯಲ್ಲಿ ಶೆಲಾಕ್ ಅನ್ನುತ್ತಾರೆ, ಕೀಟ ಕೊಡುವ ಅದೇ ಅರಗು, ಚನ್ನಪಟ್ಟಣದ ಗೊಂಬೆಗಳ ಮೇಲಿನ ಹೊಳಪು ಕೂಡ ಅದೇ. ಚಕ್ಕೆಗಳನ್ನು ಬಾಟಲಿಯಲ್ಲಿ ಹಾಕಿ ಸ್ಪಿರಿಟ್ ಸುರಿದು ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಜೇನು. ಅದನ್ನು ಹಚ್ಚಿ, ಒದ್ದೆ ಇರುವಾಗಲೇ ಪೇಪರಿನಿಂದ ಉಜ್ಜಿದೆ. ಮರದ ಪುಡಿಯೂ ಅರಗೂ ಸೇರಿ ಅಂಟಾಗಿ ರಂಧ್ರದೊಳಗೆ ಕೂತಿತು. ಮೂರು ಸಲ ಮಾಡಿದೆ. ಈ ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಗನ್ ಬೇಡ, ಮಾಸ್ಕ್ ಬೇಡ, ಒಂದು ಹಳೇ ಬನಿಯನ್ ತುಂಡು ಸಾಕು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ 1950ರ ದಶಕದಲ್ಲಿ ಫೆಂಡರ್ ಕಂಪನಿ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹೊಡೆಯುತ್ತಿತ್ತಲ್ಲ, ನನಗೂ ಅದೇ ಬೇಕು ಅಂತ ಹಟ. ಆ ಕಾಲದ ಫೆಂಡರ್ ಬಣ್ಣಗಳಲ್ಲಿ ಕೆಲವು ಡ್ಯೂಪಾಂಟ್‌ನವರ ಡ್ಯೂಕೊ, ಅಂದರೆ ಕಾರಿಗೆ ಹೊಡೆಯುವ ಬಣ್ಣ. ನಮ್ಮ ಪೇಂಟರುಗಳು ಬೀರುವಿಗೂ ಬಾಗಿಲಿಗೂ ಇವತ್ತಿಗೂ 'ಡ್ಯೂಕೊ ಹೊಡೆಯೋದು' ಅನ್ನುತ್ತಾರಲ್ಲ, ಆ ಹೆಸರು ಅಲ್ಲಿಂದ ಬಂದದ್ದು. ತೆಳು ಲ್ಯಾಕರಿನಿಂದ ಮರ ಉಸಿರಾಡುತ್ತೆ, ನಾದ ಚೆನ್ನಾಗಿ ಬರುತ್ತೆ ಅನ್ನುವವರಿದ್ದಾರೆ. ನಾನು ನಂಬುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಗಳ ಕೆಳಗಿರುವ ಪಿಕಪ್ಪಿನ ಅಯಸ್ಕಾಂತಕ್ಕೆ ಗೊತ್ತಾಗುವುದು ಸ್ಟೀಲ್ ತಂತಿಯ ಅಲುಗಾಟ, ಮೇಲಿನ ಪಾಲಿಶ್ ಅಲ್ಲ. ಆದರೆ ಕೈಗೆ ಗೊತ್ತಾಗುತ್ತದೆ. ದಪ್ಪ ಪಾಲಿಶ್ ಪ್ಲಾಸ್ಟಿಕ್ ಬಕೆಟ್ ಮುಟ್ಟಿದ ಹಾಗಿರುತ್ತದೆ.

ಬಿಳಿಯಾದ ಗಿಟಾರಿನ ಫೋಟೋ ತೆಗೆದು ಮರದ ಮೇಸ್ತ್ರಿಗೆ ಕಳಿಸಿದೆ. ಕಂಪ್ರೆಸರ್ರೂ ಗನ್ನೂ ಅವರದ್ದೇ. ಕೂಡಲೇ ಫೋನ್ ಬಂತು.

"ಕಕ್ಕಡದಲ್ಲಿ ಯಾರಾದ್ರೂ ಡ್ಯೂಕೊ ಹೊಡೀತಾರಾ? ಮಳೆನೇ ಬಣ್ಣದೊಳಗೆ ಹಾಕ್ಕೊಂಡಿದ್ದೀರಲ್ಲ!"

"ಇವತ್ತು ಮಳೆ ಇಲ್ಲ ಮೇಸ್ತ್ರಿ."

"ಮಳೆ ಇಲ್ಲ ಅಂದ್ರೆ ತಂಡಿ ಇಲ್ಲ ಅಂತನಾ? ಉಪ್ಪಿನ ಡಬ್ಬಿ ತೆಗೆದು ನೋಡಿ."

ಡಬ್ಬಿ ತೆಗೆಯುವ ಅಗತ್ಯವಿರಲಿಲ್ಲ. ಜೂನ್‌ನಿಂದಲೇ ಉಪ್ಪು ನೀರಾಗಿತ್ತು. ವಿಷಯ ಇಷ್ಟೇ. ಥಿನ್ನರ್ ಬೇಗ ಆರುತ್ತದೆ, ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ತಣ್ಣೀರಿನ ಲೋಟದ ಹೊರಗೆ ಹನಿ ಕೂರುವ ಹಾಗೆ ಗಾಳಿಯ ತೇವ ಅಲ್ಲಿ ಬಂದು ಕೂರುತ್ತದೆ. ಲ್ಯಾಕರ್ ಅದನ್ನು ಒಳಗೇ ಹಿಡಿದುಕೊಂಡು ಬೆಳ್ಳಗಾಗುತ್ತದೆ.

"ಉಜ್ಜಿ ತೆಗೀಬೇಡಿ," ಅಂದರು ಮೇಸ್ತ್ರಿ. "ಬಿಸಿಲು ಬಂದ ದಿನ ರಿಟಾರ್ಡರ್, ನಿಧಾನ ಆರೋ ಥಿನ್ನರ್, ಹೊಡೆಯೋಣ. ಅಲ್ಲೀವರೆಗೆ ಒಣ ಜಾಗದಲ್ಲಿಡಿ. ಆದ್ರೆ ಒಲೆ ಮೇಲೆ ಬೇಡ ಮತ್ತೆ!"

ಒಲೆ ಮೇಲಿನ ಅಟ್ಟದ ಮೇಲೆ ನನ್ನ ಕಣ್ಣು ಆಗಲೇ ಬಿದ್ದಿತ್ತು ಅಂತ ಅವರಿಗೆ ಹೇಗೆ ಗೊತ್ತಾಯಿತೋ. ನೈಟ್ರೋಸೆಲ್ಯುಲೋಸ್ ಅಂದರೆ ಸಿಡಿಹತ್ತಿಯ ಜಾತಿಯದ್ದು, ಮೇಲೆ ಥಿನ್ನರ್, ಅದರಡಿಯಲ್ಲಿ ಅರಗು. ಸಾಕ್ಷಾತ್ ಅರಗಿನ ಮನೆಯನ್ನೇ ಕಟ್ಟಿ ಬೆಂಕಿಯ ಮೇಲೆ ಇಡಲು ಹೊರಟಿದ್ದೆ.

ಎರಡು ದಿನ ಶೆಡ್ಡಿನಲ್ಲೇ ಬಿಟ್ಟು, ವಾಸನೆ ಹೋಗಿದೆ ಅನ್ನಿಸಿದ ಮೇಲೆ ಅಮ್ಮನ ಬೀರುವಿಗೆ ಸಾಗಿಸಿದೆ. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಅಂತ ಅದರೊಳಗೆ ಸದಾ ಒಂದು ಬಲ್ಬ್ ಉರಿಯುತ್ತಿರುತ್ತದೆ. ಬಲ್ಬ್ ಕೆಳಗಿನ ಖಾನೆಯಲ್ಲಿ, ಗಿಟಾರ್ ಮೇಲಿನ ಖಾನೆಯಲ್ಲಿ, ರೇಷ್ಮೆ ಸೀರೆಗಳ ಪಕ್ಕ. ವಾಸನೆ ಹೋಗಿರಲಿಲ್ಲ ಅಂತ ಮುಂದಿನ ಮದುವೆಯಲ್ಲಿ ಗೊತ್ತಾಯಿತು. ಅಮ್ಮ ಇನ್ನೂ ಅದನ್ನು ಮರೆತಿಲ್ಲ.

ಅಂದ ಹಾಗೆ ಗಿಟಾರ್ ಬಿಳಿಯಾದ ಆ ಆಗಸ್ಟ್ 3 ಕಕ್ಕಡ ಹದಿನೆಂಟು, ಕೊಡವರು ಮದ್ದುಸೊಪ್ಪು ಅನ್ನುವ ಔಷಧಿ ಸೊಪ್ಪಿನ ಅಡುಗೆ ತಿನ್ನುವ ದಿನ. ನಾವು ಕೊಡವರಲ್ಲ, ಆದರೂ ಮದ್ದುಸೊಪ್ಪಿನ ಪಾಯಸವನ್ನು ಅಮ್ಮ ತಪ್ಪಿಸುವುದಿಲ್ಲ. ಪಾತ್ರೆಯಲ್ಲಿ ಆ ಕಡು ನೇರಳೆ ರಸ ನೋಡಿ, ಇದನ್ನೇ ಬಣ್ಣವಾಗಿ ಹಚ್ಚಿದರೆ ಹೇಗೆ ಅನ್ನಿಸಿ ಒಂದು ಚೂರು ಹಲಗೆಗೆ ಬಳಿದೆ. ಹಳದಿ ಹಲಸಿನ ಮೇಲೆ ನೇರಳೆ ಬಿದ್ದರೆ ಕಂದು! ಕಿಟಕಿಯಲ್ಲಿ ಒಂದು ವಾರ ಇಟ್ಟಾಗ ಅದೂ ಮಾಸಿತು. ಪಾಯಸ ಮಾತ್ರ ಚೆನ್ನಾಗಿತ್ತು.

ಆಗಸ್ಟ್ ಕೊನೆಯ ವಾರ ಎರಡು ದಿನ ಒಳ್ಳೇ ಬಿಸಿಲು. ಮೇಸ್ತ್ರಿ ನಿಧಾನ ಆರುವ ರಿಟಾರ್ಡರ್ ಥಿನ್ನರನ್ನು ತೆಳುವಾಗಿ ಮಂಜಿನ ಹಾಗೆ ಹೊಡೆದರು. ಒಂದೇ ಒಂದು ಕೋಟ್. ಲ್ಯಾಕರ್ ಮತ್ತೆ ಕರಗಿ ಮೆತ್ತಗಾಯಿತು, ಒಳಗಿದ್ದ ತೇವ ಹೊರಗೆ ಹೋಯಿತು. ಬಿಳಿ ಎಲ್ಲಿತ್ತು ಅಂತ ಹುಡುಕಬೇಕು, ಅಷ್ಟು ಸ್ವಚ್ಛ. ಖುಷಿಯಲ್ಲಿ ನಾನು ಹೋಗಿ ಹಿಂಭಾಗವನ್ನು ಹೆಬ್ಬೆರಳಿನಲ್ಲಿ ಒತ್ತಿದೆ. ಮೇಸ್ತ್ರಿ ಏನೂ ಹೇಳಲಿಲ್ಲ. ಬೀಡಿ ಹಚ್ಚಿಕೊಳ್ಳಲು ಶೆಡ್ಡಿನಿಂದ ದೂರ, ಕಾಫಿ ಗಿಡದ ಆಚೆಗೆ ನಡೆದರು.

ಆಮೇಲೆ ಮೂರು ಕೋಟ್, ಒಂದು ತಿಂಗಳು ಮುಟ್ಟದೆ ಬಿಟ್ಟದ್ದು, ಸೋಪು ನೀರಿನಲ್ಲಿ 1000, 1500, 2000ರ ಪೇಪರು, ಕಾರಿಗೆ ಹಚ್ಚುವ ಕಾಂಪೌಂಡು. ಒಂದು ಅಂಚಿನಲ್ಲಿ ಜಾಸ್ತಿ ಉಜ್ಜಿ ಮರ ಕಂಡಿತು, ಅಲ್ಲಿ ಅರಗು ತೀಡಿ ಮುಚ್ಚಿದೆ. ಹೆಬ್ಬೆರಳ ಗುರುತು ಮಸುಕಾಗಿ ಇನ್ನೂ ಇದೆ. ಬೆಲ್ಟ್ ಬಕಲ್ ತಾಗುವ ಜಾಗ, ಯಾರೂ ನೋಡುವುದಿಲ್ಲ.

ಹಲಸು ಬೆಳಕಿಗೆ ಬಣ್ಣ ತಿರುಗುತ್ತದೆ. ಈಗ ಗಿಟಾರಿನ ಮೈಯೆಲ್ಲ ಕಾಕಂಬಿ ಬಣ್ಣಕ್ಕೆ ಬಂದಿದೆ. ಮೊನ್ನೆ ವೈರ್ ಬಿಟ್ಟುಹೋಗಿತ್ತು ಅಂತ ಪಿಕ್‌ಗಾರ್ಡ್, ಅಂದರೆ ತಂತಿಗಳ ಕೆಳಗೆ ಮರಕ್ಕೆ ಗೀರು ಬೀಳದಂತೆ ಕೂರಿಸುವ ತಗಡು, ಬಿಚ್ಚಿದೆ. ಅದರ ಅಡಿಯಲ್ಲಿ ಮಾತ್ರ ಮರ ಇನ್ನೂ ಹಲಸಿನ ತೊಳೆಯಷ್ಟೇ ಹಳದಿ.