ಮೂರು ಡಬ್ಬಿ ಗುಳಿಗೆ

2020ರ ಏಪ್ರಿಲ್. ಲಾಕ್‌ಡೌನ್ ಶುರುವಾಗಿ ಕೆಲವು ವಾರ ಕಳೆದಿದ್ದವು. ನಾನು ಆಗ ಬೆಳಗಾವಿ ಜಿಲ್ಲೆಯ ಒಂದು ಎಆರ್‌ಟಿ ಕೇಂದ್ರದಲ್ಲಿ ಆಪ್ತ ಸಮಾಲೋಚಕಿ. ಎಚ್‌ಐವಿ ಇರುವವರಿಗೆ ಸರ್ಕಾರ ಪುಕ್ಕಟೆಯಾಗಿ ಮಾತ್ರೆ ಕೊಡುವ ಜಾಗ ಅದು. ದಿನವಿಡೀ ಫೋನು. ಬಸ್ಸಿಲ್ಲ, ಟಂಟಂ ಇಲ್ಲ, ಹೇಗೆ ಬರೋದು ಅಂತ ಎಲ್ಲರದೂ ಒಂದೇ ಮಾತು.

ಅವತ್ತು ಬೆಳಿಗ್ಗೆ ಫೋನ್ ಮಾಡಿದ ಹೆಣ್ಣುಮಗಳು ನಮ್ಮ ಕೇಂದ್ರದವಳಲ್ಲ. "ಅಕ್ಕಾರ, ನಾ ಮಿರಜಿಗೆ ಹೋಗಿ ಗುಳಿಗಿ ತರಾಕಿ. ಈಗ ಐದ ದಿನದ್ದ ಉಳದಾವ್ರಿ" ಅಂದಳು. ಹಿಂದೆ ಗಾಳಿಯ ಸದ್ದು ಕೇಳುತ್ತಿತ್ತು. ಮನೆಯಿಂದ ಮಾಡಿದ ಫೋನ್ ಅಲ್ಲ ಅಂತ ಗೊತ್ತಾಯಿತು.

ಅಥಣಿ ತಾಲ್ಲೂಕಿನ ಒಂದು ಹಳ್ಳಿ. ಊರಿನ ಹೆಸರು ಬೇಡ. ಆ ಕಡೆಯವರಿಗೆ ಮಿರಜ ಅಂದರೆ ದೊಡ್ಡ ದವಾಖಾನೆಗಳ ಊರು. ಹೆರಿಗೆ ಕಷ್ಟವಾದರೆ, ಎಲುಬು ಮುರಿದರೆ, ಎದೆ ನೋವು ಬಂದರೆ ಎಲ್ಲಕ್ಕೂ ಅಲ್ಲಿಗೇ ಓಟ. ಅದು ಮಹಾರಾಷ್ಟ್ರ ಅನ್ನುವುದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಕಾಗವಾಡದ ಹತ್ತಿರ ಗಡಿ ಬಂದ್ ಆದಾಗಲೇ ಅದು ಬೇರೆ ರಾಜ್ಯ ಅಂತ ನೆನಪಾಗಿದ್ದು. ಇತ್ತ ಕುಡಚಿಯಲ್ಲಿ ಕೊರೊನಾ ಕೇಸು ಬಂದು ಊರಿಗೆ ಊರೇ ಸೀಲ್ ಆಗಿತ್ತು.

ಐದು ಮಾತ್ರೆ ಅಂದರೆ ಐದು ರಾತ್ರಿ. ಈ ಮಾತ್ರೆ ವೈರಸ್ಸನ್ನು ಕೊಲ್ಲುವುದಿಲ್ಲ, ಅದು ಬೆಳೆಯದಂತೆ ಹಿಡಿದಿಡುತ್ತದೆ. ದಿನಾ ತಪ್ಪದೆ ತಗೊಂಡರೆ ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೇ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ನಡುವೆ ನಿಲ್ಲಿಸಿದರೆ ಮತ್ತೆ ತಲೆ ಎತ್ತುತ್ತದೆ. ಕೆಲವು ಸಲ ಆಮೇಲೆ ಅದೇ ಮಾತ್ರೆಗೆ ಬಗ್ಗುವುದೂ ಇಲ್ಲ.

ಯಾವ ಊರಿನ ಪೇಷಂಟೇ ಆಗಲಿ, ಹತ್ತಿರದ ಕೇಂದ್ರದವರು ಮಾತ್ರೆ ಕೊಡಬಹುದು, ಒಮ್ಮೆಲೇ ಮೂರು ತಿಂಗಳದ್ದು ಕೊಡಬಹುದು ಅಂತ ಅಷ್ಟರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೊದಿಂದ ಸೂಚನೆ ಬಂದಿತ್ತು. ಚಿಕಿತ್ಸೆಯ ವಿವರ ಬರೆದಿರುವ ಹಸಿರು ಪುಸ್ತಕದ ಫೋಟೊ ವಾಟ್ಸಾಪ್ ಮಾಡು ಅಂದೆ. ಆಕೆಯದು ಗುಂಡಿ ಒತ್ತುವ ಫೋನು. ವಾಟ್ಸಾಪ್ ಇರುವುದು ಭಾವನ ಮಗನ ಹತ್ತಿರ. ಅವನ ಕೈಗೆ ಆ ಪುಸ್ತಕ ಕೊಡುವುದು ಒಂದೇ, ಊರಿನ ದೇವಸ್ಥಾನದ ಮೈಕಿನಲ್ಲಿ ಹೇಳುವುದು ಒಂದೇ. ಕೊನೆಗೆ ಮೇವಿನ ಹೊಲದಲ್ಲಿ ಕುಳಿತು ಆಕೆ ನಂಬರು ಒಂದೊಂದಾಗಿ ಓದಿದಳು, ನಾನು ಬರೆದುಕೊಂಡೆ. ಮಿರಜಿನವರಿಗೆ ಫೋನ್ ಹಚ್ಚಿ ಯಾವ ಮಾತ್ರೆ ಅಂತ ಖಾತ್ರಿ ಮಾಡಿಕೊಂಡೆ.

"ನಿಮ್ಮೂರ ಆಶಾ ಕಾರ್ಯಕರ್ತೆ ಕೈಲಿ ಕಳಿಸಲಾ?" ಅಂತ ಕೇಳಿದೆ.

"ಬ್ಯಾಡ್ರಿ ಅಕ್ಕಾರ. ಆಕಿ ನಮ್ಮ ನೆಗೆಣ್ಣಿ ತಂಗಿ."

ಅಲ್ಲಿಗೆ ಮುಗಿಯಿತು. ಮರುದಿನ ನಾನೇ ಸ್ಕೂಟಿ ಹತ್ತಿದೆ.

ದಾರಿಯಲ್ಲಿ ಒಂದು ಕೂಡುರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದರು. ನನ್ನ ಪಾಸಿನಲ್ಲಿ ಆರೋಗ್ಯ ಇಲಾಖೆ ಅಂತಷ್ಟೇ ಇತ್ತು. ಹಾಗೆ ಬರೆಸಿಕೊಂಡಿದ್ದು ಬೇಕಂತಲೇ. ಆದರೂ ಆತ ಬಿಡಲಿಲ್ಲ. ಯಾರಿಗೆ ಔಷಧ, ಯಾವ ಊರು, ಹೆಸರೇನು? 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಒಬ್ಬರಿಗೆ ಎಚ್‌ಐವಿ ಇದೆ ಅನ್ನುವುದನ್ನು ಅವರ ಒಪ್ಪಿಗೆ ಇಲ್ಲದೆ ನಾವು ಹೊರಗೆ ಬಿಡುವಂತಿಲ್ಲ. ಆದರೆ ರಣಬಿಸಿಲಲ್ಲಿ ನಿಂತ ಪೊಲೀಸಪ್ಪನ ಮುಂದೆ ಕಾಯ್ದೆ ತೆಗೆದರೆ ಅನುಮಾನ ಇನ್ನೂ ಜಾಸ್ತಿ ಆಗುತ್ತದೆ, ಅಲ್ವಾ? ಶುಗರ್ ಗುಳಿಗೆ ಅಂದೆ.

ಆತನ ಮುಖವೇ ಬದಲಾಯಿತು. "ಮೇಡಂ, ನಮ್ಮವ್ವಗೂ ಶುಗರ್ ಐತ್ರಿ. ಗುಳಿಗಿ ಮುಗದಾವು. ಒಂದ ಹತ್ತ ಕೊಟ್ಟ ಹೋಗ್ರಲಾ?"

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಒಬ್ಬರ ಶುಗರ್ ಗುಳಿಗೆ ಇನ್ನೊಬ್ಬರಿಗೆ ನಡೆಯುವುದಿಲ್ಲ, ಡಾಕ್ಟರ್ ಚೀಟಿ ಬೇಕು ಅಂತ ಹೇಳಿದೆ. ಅದು ಸುಳ್ಳೂ ಅಲ್ಲ. ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ನಂಬರು ಹುಡುಕಿ ಕೊಟ್ಟು ಹೊರಟೆ.

ಆಗ ಹಳ್ಳಿಗಳೆಲ್ಲ ದಾರಿಗೆ ಮುಳ್ಳುಕಂಟಿ, ಕಲ್ಲು ಹಾಕಿಕೊಂಡು ಕುಳಿತಿದ್ದವು. ಹುಡುಗರು ಬಡಿಗೆ ಹಿಡಿದು ಕಾವಲು. ಯಾರ ಮನೆಗೆ ಅಂತ ಕೇಳದೆ ಒಳಗೆ ಬಿಡುವ ಮಾತೇ ಇಲ್ಲ. ಅದಕ್ಕೇ ಆಕೆ ಊರೊಳಗೆ ಬರಬೇಡಿ ಅಂತ ಮೊದಲೇ ಹೇಳಿದ್ದಳು. ಊರಿಗೆ ಒಂದಿಷ್ಟು ದೂರ, ಕಾಲುವೆ ಪಕ್ಕದ ಬೇವಿನ ಮರದ ಹತ್ತಿರ ನಿಂತೆ. ಸುತ್ತ ಕಬ್ಬು.

ಕಾಯುತ್ತಾ ನಿಂತಾಗ ಹಳೆಯದೆಲ್ಲ ತಲೆಗೆ ಬರುತ್ತದೆ. ಒಂದು ಕಾಲಕ್ಕೆ ಈ ಚಿಕಿತ್ಸೆಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ಬೀಳುತ್ತಿತ್ತು. 2001ರಲ್ಲಿ ನಮ್ಮ ದೇಶದ ಔಷಧ ಕಂಪನಿ ಸಿಪ್ಲಾದ ಯೂಸುಫ್ ಹಮೀದ್ ಚಿಕಿತ್ಸೆಗೆ ಬೇಕಾದ ಮೂರೂ ಔಷಧ ಸೇರಿ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಅಂದರು. ಜಗತ್ತಿನ ದೊಡ್ಡ ಕಂಪನಿಗಳು ಹೌಹಾರಿದವು. ಆಮೇಲೆ ಬೆಲೆ ಇಳಿಯುತ್ತಲೇ ಹೋಯಿತು. ಆಫ್ರಿಕಾದಲ್ಲಿ ಜನ ನುಂಗುವ ಎಚ್‌ಐವಿ ಮಾತ್ರೆಗಳಲ್ಲಿ ಬಹುಪಾಲು ನಮ್ಮ ದೇಶದಲ್ಲಿ ತಯಾರಾದವು. ಆದರೆ ನಮ್ಮವರಿಗೇ ಸರ್ಕಾರದಿಂದ ಪುಕ್ಕಟೆ ಸಿಗಲು 2004ರ ಏಪ್ರಿಲ್ ಬರಬೇಕಾಯಿತು. ಆ ನಡುವಿನ ವರ್ಷಗಳಲ್ಲಿ ಹೊಲ ಮಾರಿ ಮಾತ್ರೆ ಕೊಂಡವರನ್ನು ನಾನು ಬಲ್ಲೆ. ಹೊಲವೂ ಹೋಯಿತು, ಮಾತ್ರೆಯೂ ನಿಂತಿತು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಡುತ್ತಿದ್ದದ್ದು ಸ್ಟ್ಯಾವುಡಿನ್ ಅನ್ನುವ ಹಳೇ ಔಷಧ ಇದ್ದ ಮಾತ್ರೆ. ಜೀವ ಉಳಿಸಿತು, ನಿಜ. ಆದರೆ ವರ್ಷಗಟ್ಟಲೆ ತಗೊಂಡವರ ಗಲ್ಲ ಒಳಗೆ ಹೋಗುತ್ತಿತ್ತು, ಅಂಗಾಲು ಉರಿಯುತ್ತಿತ್ತು. ಗಲ್ಲ ನೋಡಿಯೇ ಊರವರು ಗುಸುಗುಸು ಶುರು ಮಾಡುತ್ತಿದ್ದರು. ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಸಿಡಿ4 ಕಣಗಳ ಲೆಕ್ಕ ಇಷ್ಟಕ್ಕಿಂತ ಕೆಳಗೆ ಇಳಿದರೆ ಮಾತ್ರ ಮಾತ್ರೆ ಅನ್ನುವ ನಿಯಮ ಬೇರೆ. ಕಾಯಿಲೆ ಬೀಳುವ ತನಕ ಕಾಯಿರಿ ಅಂತ ಹೇಳಿ ಕಳಿಸುವುದು ನನಗೆ ಯಾವತ್ತೂ ಸರಿ ಕಾಣಲಿಲ್ಲ. 2017ರಿಂದ ಆ ಕಾಟ ತಪ್ಪಿತು. ಪರೀಕ್ಷೆಯಲ್ಲಿ ಬಂದರೆ ಸಾಕು, ಚಿಕಿತ್ಸೆ ಶುರು.

ಆಕೆ ಬಂದಾಗ ಕೈಯಲ್ಲಿ ಕುಡುಗೋಲು, ತಲೆ ಮೇಲೆ ಮೇವಿನ ಹೊರೆ. ಮುಖಕ್ಕೆ ಸೆರಗು ಸುತ್ತಿಕೊಂಡಿದ್ದಳು. ಆ ದಿನಗಳಲ್ಲಿ ಎಲ್ಲರೂ ಹಾಗೇ ತಿರುಗುತ್ತಿದ್ದರಿಂದ ಅದೊಂದು ಅನುಕೂಲ. ಹೊರೆ ಇಳಿಸಿ, ಸುತ್ತ ನೋಡಿ, ಮೂರೂ ಡಬ್ಬಿ ಇಸಿದುಕೊಂಡಳು. ಒಂದನ್ನು ಕಿವಿ ಹತ್ತಿರ ಅಲ್ಲಾಡಿಸಿ ನೋಡಿದಳು. ಮೂವತ್ತು ಮಾತ್ರೆ ಗಲಗಲ ಅಂದವು.

ಆಮೇಲೆ ಸೊಂಟದ ಸಂಚಿಯಿಂದ ಕ್ಯಾಲ್ಸಿಯಂ ಮಾತ್ರೆಯ ಹಳೇ ಡಬ್ಬಿ ತೆಗೆದಳು. ಮನೆಯಲ್ಲಿ ಅತ್ತೆಗೆ ಹೇಳಿದ್ದು ಎಲುಬಿನ ಗುಳಿಗೆ ಅಂತ. ಗಂಡ ಸತ್ತದ್ದು ಯಾವುದೋ ಜ್ವರದಿಂದ ಅಂತಲೇ ಇವತ್ತಿಗೂ ಆ ಮನೆಯಲ್ಲಿ ನಂಬಿಕೆ. ಮಾತ್ರೆಯನ್ನು ಅದರದ್ದೇ ಡಬ್ಬಿಯಲ್ಲಿ ಇಡಬೇಕು, ತೇವ ತಾಗಬಾರದು ಅಂತ ನಾವು ಎಲ್ಲರಿಗೂ ಪಾಠ ಹೇಳುತ್ತೇವೆ. ಅವತ್ತು ಆ ಪಾಠ ಹೇಳಲಿಲ್ಲ. ತೇವ ಹೀರುವ ಸಣ್ಣ ಪುಡಿಚೀಲವನ್ನೂ ಜೊತೆಗೆ ಹಾಕಿಕೋ ಅಂದೆ. ಮೇಲೆ ಒಂದಿಷ್ಟು ಹತ್ತಿ ತುರುಕಿದಳು, ಸದ್ದು ನಿಂತಿತು. ಉಳಿದೆರಡು ಡಬ್ಬಿ ಮೇವಿನ ನಡುವೆ ಹೋದವು. ಇಷ್ಟೆಲ್ಲ ಮಾಡುವಾಗ ಒಂದು ತಡವರಿಕೆ ಇಲ್ಲ. ವರ್ಷಗಳ ರೂಢಿ.

ಹೊರಡುವ ಮೊದಲು ಕೇಳಿದ್ದು ಮಗನ ವಿಷಯ. ಹುಡುಗ ಎಸ್ಸೆಸ್ಸೆಲ್ಸಿ. "ಪರೀಕ್ಷಾ ಯಾವಾಗ ನಡಸ್ತಾರ್ರಿ?" ಸರ್ಕಾರದ ಸಂಬಳ ತಗೊಳ್ಳುವವಳಿಗೆ ಎಲ್ಲ ಗೊತ್ತಿರುತ್ತದೆ ಅಂತ ಆಕೆಯ ಲೆಕ್ಕ. ಅವನು ಹುಟ್ಟುವಾಗ, ಕೂಸಿಗೆ ಎಚ್‌ಐವಿ ದಾಟದಿರಲಿ ಅಂತ, ಹೆರಿಗೆ ನೋವಿನಲ್ಲಿ ಆಕೆಗೆ ಒಂದು ನೆವಿರಪಿನ್ ಮಾತ್ರೆ, ಕೂಸಿಗೆ ಒಂದು ಸಲ ಸಿರಪ್ ಕೊಟ್ಟಿದ್ದರಂತೆ. ಆ ಕಾಲಕ್ಕೆ ಇದ್ದದ್ದೇ ಅಷ್ಟು. ಹದಿನೆಂಟು ತಿಂಗಳಿಗೆ ಪರೀಕ್ಷೆ ಮಾಡಿದಾಗ ಹುಡುಗನಿಗೆ ಏನೂ ಇಲ್ಲ ಅಂತ ಬಂತು. ಈಗ ಗರ್ಭಿಣಿಗೆ ಎಚ್‌ಐವಿ ಅಂತ ತಿಳಿದ ದಿನದಿಂದಲೇ ಜೀವನಪೂರ್ತಿ ಚಿಕಿತ್ಸೆ ಶುರು ಮಾಡುತ್ತಾರೆ. ಕೂಸಿಗೆ ದಾಟುವುದು ತೀರಾ ಕಡಿಮೆಯಾಗಿದೆ.

ಈಗೀಗ ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಚುಚ್ಚುಮದ್ದಿನ ಸುದ್ದಿ ಓದಿದಾಗಲೆಲ್ಲ ನನಗೆ ಆ ಹತ್ತಿ ಕಣ್ಣಿಗೆ ಕಟ್ಟುತ್ತದೆ. ಆ ಸುದ್ದಿ ಇರುವುದು ಎಚ್‌ಐವಿ ಇಲ್ಲದವರು ಅದು ಬರದಂತೆ ಹಾಕಿಸಿಕೊಳ್ಳುವುದರ ಬಗ್ಗೆ. ಆಕೆಗೆ ಸಂಬಂಧಪಟ್ಟದ್ದಲ್ಲ, ನಿಜ. ಆದರೆ ದಕ್ಷಿಣ ಆಫ್ರಿಕಾ, ಉಗಾಂಡಾದ ಹುಡುಗಿಯರ ಕಥೆಯೂ ಬೇರೆ ಏನಲ್ಲ. ತಡೆಗಟ್ಟುವ ಮಾತ್ರೆಯನ್ನು ದಿನಾ ನುಂಗಿ ಅಂದರೆ, ಡಬ್ಬಿ ಕಂಡರೆ ಇವಳಿಗೆ ರೋಗ ಇದೆ ಅಂದುಕೊಳ್ಳುತ್ತಾರೆ ಅನ್ನುವ ಭಯ ಅವರಿಗೂ ಇತ್ತು. ಆ ಎರಡು ದೇಶಗಳಲ್ಲಿ ನಡೆದ ಪ್ರಯೋಗದಲ್ಲಿ ಚುಚ್ಚುಮದ್ದು ಪಡೆದ 2,134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಎಚ್‌ಐವಿ ಬರಲಿಲ್ಲ. ಆ ಫಲಿತಾಂಶ ಹೊರಬಂದಿದ್ದು 2024ರಲ್ಲಿ. ಅಮೆರಿಕದಲ್ಲಿ ಅದರ ಬೆಲೆ ವರ್ಷಕ್ಕೆ 28 ಸಾವಿರ ಡಾಲರಿಗೂ ಜಾಸ್ತಿ. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ 120 ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡುವುದಾಗಿ ಹೇಳಿವೆ. ಬೆಲೆಯ ಜಗಳವನ್ನು ನಮ್ಮವರು ಇನ್ನೊಮ್ಮೆ ಗೆಲ್ಲುತ್ತಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಚುಚ್ಚುಮದ್ದಿಗಾಗಿ ಯಾವ ದವಾಖಾನೆಯ ಯಾವ ಬಾಗಿಲ ಮುಂದೆ ಸಾಲು ನಿಲ್ಲಿಸುತ್ತಾರೆ ಅಂತ ಯಾರಾದರೂ ಯೋಚಿಸಿದ್ದಾರಾ?

ಜುಲೈನಲ್ಲಿ ಅದೇ ಕಾಲುವೆ ಹತ್ತಿರ ಇನ್ನೊಮ್ಮೆ ಡಬ್ಬಿ ಕೊಟ್ಟು ಬಂದೆ. ಅಕ್ಟೋಬರಿಗೆ ಆಕೆಯ ಮಾತ್ರೆ ಮುಗಿಯುವ ಹೊತ್ತಿಗೆ ಗಡಿಯಲ್ಲಿ ಓಡಾಟ ಶುರುವಾಗಿತ್ತು. ನಮ್ಮ ಡಾಕ್ಟರು, ಹೇಗೂ ಇಲ್ಲಿಂದಲೇ ಕೊಡುತ್ತಿದ್ದೇವಲ್ಲ, ಆಕೆಯ ಹೆಸರನ್ನು ಮಿರಜಿನಿಂದ ಇಲ್ಲಿಗೇ ವರ್ಗ ಮಾಡಿಸಿಬಿಡಿ ಅಂದರು. ಆಕೆಗೂ ಬಸ್ಸಿನ ಖರ್ಚು ಉಳಿಯುತ್ತದೆ, ಒಂದು ದಿನದ ಕೂಲಿ ಉಳಿಯುತ್ತದೆ. ನಾನು ಫೋನ್ ಮಾಡಿ ಕೇಳಿದೆ.

"ಬ್ಯಾಡ್ರಿ ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಿಮ್ಮಲ್ಲಿ ನನ್ನ ಹೆಸರ ಹಿಡದ ಕರದ್ರ ಹತ್ತ ಮಂದಿ ತಿರಗಿ ನೋಡ್ತಾರ. ಮಿರಜದಾಗ ಯಾಂವ ನೋಡ್ತಾನ್ರಿ?"

ಸಿಟ್ಟಾಗಲು ಏನಿದೆ ಅದರಲ್ಲಿ! ಕೊಟ್ಟ ಮಾತ್ರೆಗಳ ಲೆಕ್ಕವನ್ನು ಮಿರಜಿನವರಿಗೆ ತಿಳಿಸಿ, ನಮ್ಮ ರಿಜಿಸ್ಟರಿನಲ್ಲಿ ಆಕೆಯ ನಂಬರಿನ ಮುಂದೆ ತಾತ್ಕಾಲಿಕ ಅಂತ ಬರೆದೆ. ಬಸ್ ಚಾಲೂ ಆದ ಮೇಲೆ ಆಕೆ ಮತ್ತೆ ಮಿರಜಿಗೇ ಹೋಗತೊಡಗಿದಳು. ಹುಡುಗ ಪಾಸಾಗಿ ಪಿಯುಸಿಗೆ ಸೇರಿದ ಅಂತ ಅವಳೇ ಫೋನ್ ಮಾಡಿ ಹೇಳಿದಳು.