ರಾಣಿಬಾಗಿನಲ್ಲಿ ಒಂದು ಭಾನುವಾರ: ಕರಡಿಯ ಲೆಕ್ಕ, ಜನರ ಲೆಕ್ಕ

ಭಾನುವಾರ ಬೆಳಿಗ್ಗೆ 11 ಗಂಟೆ ಹೊತ್ತಿಗೆ ಮುಂಬಯಿಯ ಬೈಕುಲ್ಲಾದ ಮೃಗಾಲಯ ರಾಣಿಬಾಗಿನಲ್ಲಿ ಕರಡಿಯ ಗಾಜಿನ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮಾಟುಂಗ, ಡೊಂಬಿವಲಿ ಕಡೆಯಿಂದ ಬಂದ ಕನ್ನಡದ ಮಕ್ಕಳ ಕೈಯಲ್ಲಿ ಅವತ್ತು ರಟ್ಟು, ಹಾಳೆ, ಪೆನ್ಸಿಲ್. ಪ್ರಾಣಿಯ ಜೊತೆಗೆ ಜನರನ್ನೂ ಲೆಕ್ಕ ಹಿಡಿಯುವ ಕೆಲಸ, ನೋಡಲು ಬಂದವರಿಂದ ಪ್ರಾಣಿಯ ವರ್ತನೆ ಬದಲಾಗುತ್ತದೆಯೇ ಎಂದು ತಿಳಿಯಲು.

ವಿಧಾನ ಸರಳ. ಒಂದೇ ಆವರಣದ ಎದುರು 30 ನಿಮಿಷ ನಿಲ್ಲಬೇಕು. ಪ್ರತಿ ನಿಮಿಷ ತುಂಬಿದ ಕೂಡಲೇ ಪ್ರಾಣಿ ಏನು ಮಾಡುತ್ತಿದೆ ಎಂದು ಒಂದು ಪದದಲ್ಲಿ ಬರೆಯಬೇಕು: ಮಲಗಿದೆ, ತಿನ್ನುತ್ತಿದೆ, ಮೂಸುತ್ತಿದೆ, ಶತಪಥ, ಕಾಣುತ್ತಿಲ್ಲ. ಪಕ್ಕದಲ್ಲಿ ಎದುರಿಗಿರುವ ತಲೆಗಳೆಷ್ಟು, ಕೂಗಿದರೇ, ಗಾಜು ಬಡಿದರೇ. ಅದೇ ದಾರಿಯಲ್ಲಿ ಕಾರಣವಿಲ್ಲದೆ ಮೂರು ಸಲ ತಿರುಗಿದರೆ ಮಾತ್ರ ಅದನ್ನು ಶತಪಥವೆಂದು ಹಿಡಿಯುವುದು.

"ಅಂಕಲ್, ಎಷ್ಟು ಚುರುಕಾಗಿ ಓಡಾಡ್ತಿದೆ ನೋಡಿ!" ಎಂದು ಹುಡುಗಿಯೊಬ್ಬಳು ಖುಷಿಪಟ್ಟಳು. ಎಲ್ಲರೂ ಎಡವುವುದು ಇಲ್ಲೇ. ಗೋಡೆಯಂಚಿನಲ್ಲಿ ಒಂದೇ ಜಾಡು ತುಳಿಯುತ್ತ, ಒಂದೇ ಮೂಲೆಯಲ್ಲಿ ತಲೆ ಹೊರಳಿಸುವ ಓಡಾಟ ಚುರುಕುತನವಲ್ಲ, ಅದೇ ಶತಪಥ. ನೆಲ ಮೂಸಿ, ಕೆರೆದು, ಕಲ್ಲು ಹೊರಳಿಸಿ ನೋಡುವ ಕರಡಿ ನೆಮ್ಮದಿಯಾಗಿದೆ ಎನ್ನಬಹುದು.

ಹಾಗೆಂದು ಶತಪಥಕ್ಕೆಲ್ಲ ಜನರೇ ಕಾರಣವಲ್ಲ. ಸಂಜೆ ಊಟದ ಹೊತ್ತು ಹತ್ತಿರವಾದಾಗ ಒಳಮನೆಯ ಬಾಗಿಲ ಬಳಿ ತಿರುಗಾಟ ಹೆಚ್ಚುತ್ತದೆ. ಮಧ್ಯಾಹ್ನದ ನಿದ್ದೆಗೆ ಮುಂಬಯಿಯ ಸೆಕೆ ಸಾಕು. ಇನ್ನೊಂದು ತೊಡಕು: ಪ್ರಾಣಿ ಓಡಾಡುತ್ತಿದ್ದರೆ ಜನ ತಾವೇ ಸೇರುತ್ತಾರೆ, ಆಗ ಕಾರಣ ಯಾವುದು, ಪರಿಣಾಮ ಯಾವುದು ತಿಳಿಯದು. ಆದ್ದರಿಂದ ಭಾನುವಾರದ ಹಾಳೆಯನ್ನು ಅದೇ ಹೊತ್ತಿನ ಮಂಗಳವಾರದ ಹಾಳೆಯೊಂದಿಗೇ ಹೋಲಿಸಬೇಕು. ಬುಧವಾರ ರಜೆ. ಅನುಮತಿ ಸಿಕ್ಕರೆ ಅಂದಿನ ಹಾಳೆಯಷ್ಟು ಬೆಲೆಯದು ಬೇರೊಂದಿಲ್ಲ.

ಪೆಂಗ್ವಿನ್ ಮನೆಯಲ್ಲಿ ನೂಕುನುಗ್ಗಲು. ಇಲ್ಲಿಯ ಹಂಬೋಲ್ಟ್ ಪೆಂಗ್ವಿನ್‌ಗಳು 2016ರಲ್ಲಿ ದಕ್ಷಿಣ ಕೊರಿಯಾದಿಂದ ಬಂದವು. ಮೆಲ್ಬರ್ನ್ ಮೃಗಾಲಯದ ಲಿಟಲ್ ಪೆಂಗ್ವಿನ್‌ಗಳ ಮೇಲೆ ನಡೆದ ಅಧ್ಯಯನಗಳಲ್ಲಿ, ಜನ ಹತ್ತಿರ ನಿಂತಾಗ ಹಕ್ಕಿಗಳು ಒತ್ತಾಗಿ ಗುಂಪುಗೂಡಿದವು, ದೂರ ಸರಿದವು. ಜನರನ್ನು ಎರಡು ಮೀಟರ್ ಹಿಂದೆ ನಿಲ್ಲಿಸಿದಾಗ ಅದು ತಗ್ಗಿತು. ನಮ್ಮಲ್ಲೂ ಗಾಜಿನಿಂದ ಎರಡು ಮೀಟರ್‌ಗೆ ಒಂದು ಕಂಬಿ ಹಾಕುವುದು ದೊಡ್ಡ ಖರ್ಚಲ್ಲ, ಹಾಕಲೇಬೇಕು. ಬಡಿತದ ಸದ್ದು ಗಾಜಿನಿಂದ ನೇರವಾಗಿ ನೀರಿಗಿಳಿಯುತ್ತದೆ. ಈಜುವ ಹಕ್ಕಿಗೆ ಅದು ಮಗ್ಗುಲಲ್ಲೇ ಕೇಳಿಸುತ್ತದೆ.

ಕೋತಿಗಳ ಸಂಗತಿ ಇನ್ನೂ ಸೂಕ್ಷ್ಮ. ಕಣ್ಣಿಟ್ಟು ದಿಟ್ಟಿಸುವುದು ಅವುಗಳ ಲೋಕದಲ್ಲಿ ಬೆದರಿಕೆ, ನಾವೋ ಅದನ್ನೇ ಮಾಡಲು ಟಿಕೆಟ್ ತೆಗೆದು ಬಂದಿರುತ್ತೇವೆ. ನಮ್ಮ ಪಶ್ಚಿಮ ಘಟ್ಟದ ಸಿಂಗಳೀಕಗಳನ್ನು ಭಾರತದ ಮೃಗಾಲಯಗಳಲ್ಲಿ ಗಮನಿಸಿದ ಸಂಶೋಧಕರು ಜನ ಇದ್ದಾಗ ಅಸಹಜ ವರ್ತನೆ ಹೆಚ್ಚಿದ್ದನ್ನು 2005ರಲ್ಲಿ ಪ್ರಕಟಿಸಿದರು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಮೃಗಾಲಯದಲ್ಲಿ ಗಾಜಿನ ಮೇಲೆ ಮರೆಬಲೆ ಕಟ್ಟಿದಾಗ ಗೊರಿಲ್ಲಾಗಳ ಪರಸ್ಪರ ಜಗಳ ಕಡಿಮೆಯಾಯಿತು.

ಜಿಂಕೆಗಳ ಬಳಿ ಅವಲಕ್ಕಿ ಚಿವಡಾದ ಪೊಟ್ಟಣ ಒಳಗೆ ಬಿತ್ತು. ಖಾರಕ್ಕಿಂತ ಪ್ಲಾಸ್ಟಿಕ್ಕೇ ಅಪಾಯ: ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಅದು ಮುಂದೆ ಸರಿಯದೆ ಗಂಟುಕಟ್ಟುತ್ತದೆ, ಹಸಿವು ಸಾಯುತ್ತದೆ. ತಕ್ಷಣ ಕಾವಲುಗಾರರಿಗೆ ಹೇಳಬೇಕು, ನಾವೇ ಕೈ ಹಾಕಬಾರದು. ಪ್ರಾಣಿಯನ್ನು ಕೆಣಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 38ಜೆ ಕಲಮಿನಡಿ ಅಪರಾಧವೂ ಹೌದು.

ಎರಡನೇ ಸುತ್ತಿನಲ್ಲಿ ಕರಡಿ ಬಂಡೆಯ ಹಿಂದೆ ಸರಿದಿತ್ತು. "ದುಡ್ಡು ದಂಡ" ಎಂದರು ಹಿಂದಿನವರು. ಮಕ್ಕಳು ಮಾತ್ರ ಹಾಳೆಯಲ್ಲಿ "ಕಾಣುತ್ತಿಲ್ಲ" ಎಂದು ಬರೆಯುತ್ತ ಹೋದರು, ಪಕ್ಕದಲ್ಲಿ ತಲೆಗಳ ಸಂಖ್ಯೆ. ಮರೆಯಾಗಲು ಒಂದು ಬಂಡೆ ಇದೆ, ಕರಡಿ ಅದನ್ನು ಬಳಸುತ್ತಿದೆ ಎಂಬುದೇ ಆವರಣ ಕಟ್ಟುವವರಿಗೆ ಆ ದಿನ ಸಿಕ್ಕ ಅತ್ಯಂತ ಉಪಯುಕ್ತ ಮಾಹಿತಿ.